ಹರಕೆಗೂ ಒಂದು ವೋಚರು

ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಚರ್ಚಿನ ಅಂಗಳದಲ್ಲಿ ನನ್ನ ಮರ್ಯಾದೆ ಏರತೊಡಗುತ್ತದೆ. ವರ್ಷವಿಡೀ ಕಂಡೂ ಕಾಣದಂತೆ ಹೋಗುವವರು ನಿಂತು, ‘ಏನ್ರಿ ಅಣ್ಣಾರ, ಆರಾಮದೀರಾ?’ ಎನ್ನುತ್ತಾರೆ. ಬಲಿಪೂಜೆ ಮುಗಿಸಿ ಹೊರಬಂದರೆ ನನ್ನ ಚಪ್ಪಲಿಯನ್ನು ರಾಶಿಯಿಂದ ಹೆಕ್ಕಿ ಕಾಲ ಮುಂದೆ ಇಡುವವರಿರುತ್ತಾರೆ. ವಗ್ಗಾಣಿ ಅಂಗಡಿಯಲ್ಲಿ ಜೇಬಿಗೆ ಕೈ ಹಾಕುವಷ್ಟರಲ್ಲಿ ‘ನಿಮ್ದು ಆಗ್ಯೈತ್ರಿ’ ಅನ್ನುತ್ತಾನೆ ಗಲ್ಲಾದವನು. ಸೆಪ್ಟೆಂಬರ್ 8 ಕಳೆಯುತ್ತಿದ್ದಂತೆ ಈ ವೈಭವವೆಲ್ಲ ಇಳಿದುಹೋಗಿ, ಮಿರ್ಚಿಯ ದುಡ್ಡನ್ನು ಮತ್ತೆ ನಾನೇ ಕೊಡತೊಡಗುತ್ತೇನೆ. ಕಾರಣ ಇಷ್ಟೇ: ವೇಳಾಂಕಣಿ ಮಾತೆಯ ಹಬ್ಬಕ್ಕೆ ಹೋಗಬೇಕೆಂದು ಹರಕೆ ಹೊತ್ತು, ಹೋಗುವ ತ್ರಾಣವಿಲ್ಲದ ಕುಟುಂಬಗಳಿಗೆ ಚರ್ಚಿನಿಂದ ಕೊಡುವ ಸಣ್ಣದೊಂದು ಯಾತ್ರಾ ನಿಧಿಯಿದೆ. ಅದರ ಪುಸ್ತಕ ನನ್ನ ಕಪಾಟಿನಲ್ಲಿರುತ್ತದೆ.

ಪುಸ್ತಕ ನನ್ನ ಪಾಲಿಗೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಬ್ಯಾಂಕಿನ ಗುಮಾಸ್ತನೊಬ್ಬ ನಿವೃತ್ತನಾಗುವ ಸುದ್ದಿ ಅವನ ಹೆಂಡತಿಗಿಂತ ಮೊದಲು ಸಂಘ ಸಮಿತಿಗಳಿಗೆ ತಿಳಿದಿರುತ್ತದೆ. ಹಾಡಲು ಬರುವವರನ್ನು ಗಾಯನ ತಂಡ ಎಳೆದುಕೊಳ್ಳುತ್ತದೆ. ಗಂಟಲು ದೊಡ್ಡದಿರುವವರಿಗೆ ಮೆರವಣಿಗೆಯ ಉಸ್ತುವಾರಿ ಸಿಗುತ್ತದೆ. ಎರಡೂ ಇಲ್ಲದವನಿಗೆ ಲೆಕ್ಕ ಬರೆಯುವ ಭಾಗ್ಯ. ಫಾದರ್ ನನ್ನನ್ನು ಕರೆದು, ‘ನಿಮ್ಮ ಅಕ್ಷರ ಬಹಳ ದುಂಡಗಿದೆ’ ಎಂದರು. ಅಕ್ಷರ ದುಂಡಗಿದ್ದ ಮಾತ್ರಕ್ಕೆ ಕೂಡಿಸಿದ ಮೊತ್ತ ಸರಿಯಾಗಬೇಕಿಲ್ಲ ಎಂದು ಹೇಳಬೇಕೆಂದುಕೊಂಡೆ. ಆದರೆ ಹೊಗಳಿಕೆ ಕೇಳಿಸಿಕೊಂಡ ಮೇಲೆ ವಾದ ಮಾಡುವುದು ನನ್ನ ಜಾಯಮಾನವಲ್ಲ.

ವೇಳಾಂಕಣಿ ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯಲ್ಲಿ, ಬಂಗಾಳ ಕೊಲ್ಲಿಯ ದಂಡೆಯ ಮೇಲಿದೆ. ಅಲ್ಲಿನ ದೇವಾಲಯಕ್ಕೆ 1962ರಲ್ಲಿ ರೋಮಿನಿಂದ ಬೆಸಿಲಿಕಾ ಎಂಬ ಗೌರವ ಸಿಕ್ಕಿತು. ಆಗಸ್ಟ್ 29ಕ್ಕೆ ಧ್ವಜ ಏರುತ್ತದೆ, ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮದಿನ. ಕಾವಿ ಬಟ್ಟೆ ತೊಟ್ಟು ನಡೆದು ಬರುವವರು, ಮುಡಿ ಕೊಡುವವರು, ಬೆಳ್ಳಿಯ ಪುಟ್ಟ ಕೈ, ಕಾಲು, ತೊಟ್ಟಿಲು ಒಪ್ಪಿಸುವವರು ಎಲ್ಲರೂ ಅಲ್ಲಿ ಸೇರುತ್ತಾರೆ. ಜಾತಿ, ಮತದ ಸರ್ಟಿಫಿಕೇಟು ಕೇಳುವವರಿಲ್ಲ. ನಮ್ಮ ಬಳ್ಳಾರಿಯಿಂದ ಹೊರಟವರು ಸಾಮಾನ್ಯವಾಗಿ ಗುಂತಕಲ್ಲಿಗೆ ಹೋಗಿ ಮುಂಬೈ ಕಡೆಯಿಂದ ಬರುವ ರೈಲು ಹಿಡಿದು ಮದ್ರಾಸು ಸೇರುತ್ತಾರೆ. ಚೆನ್ನೈ ಎಂದು ಹೆಸರು ಬದಲಾಗಿ ಎಷ್ಟೋ ವರ್ಷವಾದರೂ ಕಂಟೋನ್ಮೆಂಟಿನ ಹಿರಿಯರಿಗೆ ಅದು ಮದ್ರಾಸೇ. ರೈಲು ಇಳಿಯುವುದು ಹೆಚ್ಚಾಗಿ ಸೆಂಟ್ರಲ್ ನಿಲ್ದಾಣದಲ್ಲಿ, ನಾಗಪಟ್ಟಿಣದ ಕಡೆಗೆ ಹತ್ತುವುದು ಎಗ್ಮೋರಿನಲ್ಲಿ. ನಡುವೆ ಎರಡು ಕಿಲೋಮೀಟರು ಇದ್ದೀತು. ಯಾತ್ರಾ ನಿಧಿಯ ಇತಿಹಾಸದಲ್ಲಿ ನಡೆದ ಜಗಳಗಳ ಪೈಕಿ ದೊಡ್ಡವು ಈ ಎರಡು ಕಿಲೋಮೀಟರಿನ ಮೇಲೆಯೇ ನಡೆದಿವೆ.

ನಿಧಿಯ ನಿಯಮ ಮಾಡಿದ ಹಿರಿಯರು ‘ರೈಲಿನ ಎರಡನೇ ದರ್ಜೆಯ ಪ್ರಯಾಣ ದರ ಮತ್ತು ಊಟದ ಖರ್ಚು’ ಎಂದು ಬರೆದಿಟ್ಟರು. ಸೆಂಟ್ರಲ್‌ನಿಂದ ಎಗ್ಮೋರಿಗೆ ಆಟೋದವನು ಎಷ್ಟು ಕೇಳುತ್ತಾನೆ ಎಂಬುದು ಅವರ ಕಲ್ಪನೆಗೆ ಬಂದಿರಲಿಲ್ಲ. ಹೆಗಲ ಮೇಲೆ ಕೂಸು, ತಲೆಯ ಮೇಲೆ ಚೀಲ, ಕೈಯಲ್ಲಿ ಮುದುಕಿಯ ಕೈ ಹಿಡಿದು ಬೆಳಗಿನ ಜಾವ ಇಳಿದ ನಮ್ಮ ಸಿರುಗುಪ್ಪ ಕಡೆಯವನ ಮುಖ ನೋಡಿಯೇ ಆ ಆಟೋದವನು ದರ ಹೇಳುತ್ತಾನೆ. ವಾಪಸು ಬಂದು ಲೆಕ್ಕ ಒಪ್ಪಿಸುವಾಗ ‘ಆಟೋ’ ಎಂಬ ಬಾಬ್ತು ಕಂಡ ಕೂಡಲೇ ನಮ್ಮ ಸಮಿತಿಯ ಆಕ್ಷೇಪಕರು ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ಪ್ರತಿ ಸಮಿತಿಯಲ್ಲೂ ಒಬ್ಬರು ಆಕ್ಷೇಪಕರು ಇರಬೇಕೆಂಬುದು ಚರ್ಚಿನ ಕಾನೂನಿನಲ್ಲಿ ಇದೆಯೋ ಇಲ್ಲವೋ, ಪ್ರಕೃತಿಯ ಕಾನೂನಿನಲ್ಲಂತೂ ಇದೆ. ‘ನಡಕೊಂಡು ಹೋದ್ರ ಹರಕಿಗೆ ಪುಣ್ಯ ಜಾಸ್ತಿ ಅಲ್ಲೇನ್ರಿ?’ ಎಂದು ಅವರ ಪ್ರಶ್ನೆ. ಅವರು ಮಾತ್ರ ವೇಳಾಂಕಣಿಗೆ ಸ್ವಂತ ಕಾರಿನಲ್ಲಿ ಹೋಗಿಬಂದವರು.

ನಮ್ಮ ಸಭೆಯ ತಮಿಳು ಮನೆಗಳವರಿಗೆ ಈ ಕಷ್ಟವಿಲ್ಲ. ಕಂಟೋನ್ಮೆಂಟಿನ ಕಾಲದಲ್ಲಿ ಪಲ್ಟನ್ನಿನ ಹಿಂದೆಯೇ ಬಂದು ಕೌಲ್ ಬಜಾರಿನ ಸುತ್ತ ನೆಲೆಸಿದ ಮನೆತನಗಳು ಅವು. ದಾರಿಯುದ್ದಕ್ಕೂ ಅವರಿಗೆ ಅತ್ತೆ, ಮಾವ, ಷಡ್ಡಕ ಇದ್ದಾರೆ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿಕೊಂಡು ಮೈಸೂರು ಸೇರಿದ್ದು 1953ರ ಅಕ್ಟೋಬರ್ 1ರಂದು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಗಡಿ ಎಳೆದವರು ತಾಲ್ಲೂಕುಗಳನ್ನು ಹಂಚಿದರೇ ಹೊರತು ಬೀಗರನ್ನು ಹಂಚಲಾಗಲಿಲ್ಲ. ಹೀಗಾಗಿ ನನ್ನ ಮೇಜಿನ ಮುಂದೆ ಅರ್ಜಿಗಳು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಕಣ್ಣೀರಿಟ್ಟು ತಮಿಳಿನಲ್ಲಿ ಮುಗಿಯುವುದುಂಟು. ಮೂರೂ ಭಾಷೆಯಲ್ಲಿ ‘ದುಡ್ಡು ಸಾಲೋದಿಲ್ಲ’ ಎಂಬ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಅರ್ಜಿಯ ನಮೂನೆಯೊಂದನ್ನು ಮಾಡಿಸಿದ್ದೇವೆ. ಹೆಸರು, ಊರು, ಮನೆಯವರೆಷ್ಟು, ಆದಾಯವೆಷ್ಟು, ಹಿಂದೆ ಸಹಾಯ ಪಡೆದದ್ದುಂಟೇ, ಯಾತ್ರೆಯ ಕಾರಣ. ಕೊನೆಯ ಕಲಮಿಗೆ ಬರುವ ಉತ್ತರಗಳನ್ನು ಓದಿದರೆ ಯಾವ ಲೆಕ್ಕಿಗನೂ ಮೆತ್ತಗಾಗಬೇಕು. ಒಬ್ಬಾಕೆ ‘ಮಗನಿಗೆ ಮಾತು ಬಂತು’ ಎಂದಷ್ಟೇ ಬರೆಸಿದ್ದಳು. ಇನ್ನೊಬ್ಬ ‘ಕುಡಿಯೋದು ಬಿಟ್ಟೀನಿ, ಅಮ್ಮನ ಮುಂದೆ ಹೇಳಬೇಕು’ ಎಂದಿದ್ದ. ಆಕ್ಷೇಪಕರು ‘ಇಲ್ಲೇ ಹೇಳಲಿ, ಇಲ್ಲಿ ಇರಾಕಿ ಅಮ್ಮ ಅಲ್ಲೇನು?’ ಎಂದರು. ಧರ್ಮಶಾಸ್ತ್ರದ ಪ್ರಕಾರ ಅವರ ಮಾತು ಸರಿಯಿದ್ದೀತು. ಆದರೆ ಕುಡಿತ ಬಿಟ್ಟವನು ಅದನ್ನು ಓಣಿಯ ಅಮ್ಮನ ಮುಂದೆ ಹೇಳಿದರೆ ಓಣಿಯ ಗೆಳೆಯರಿಗೂ ಕೇಳಿಸುತ್ತದೆ. ಸಮುದ್ರದ ದಂಡೆಯ ತನಕ ಹೋಗಿ ಹೇಳಿಬಂದರೆ ಮಾತಿಗೊಂದು ತೂಕ ಬರುತ್ತದೆ. ‘ಇನ್ನೊಂದು ವರ್ಷ ಕುಡಿಯದೆ ಇರಲಿ ನೋಡೋಣ’ ಎಂದು ನಾವು ಅರ್ಜಿ ಮುಂದೂಡಲಿಲ್ಲ.

ನಮೂನೆಯಲ್ಲಿ ಕೇಳದ ಪ್ರಶ್ನೆಯೊಂದಿದೆ, ನಿಜವಾದ ಖರ್ಚೆಲ್ಲ ಅದರಲ್ಲೇ ಅಡಗಿದೆ. ಬಳ್ಳಾರಿಯ ಜೀನ್ಸ್ ದೇಶದಲ್ಲೆಲ್ಲ ಮಾರಾಟವಾಗುತ್ತದೆ. ಅದನ್ನು ಹೊಲಿಯುವವರು ಪೀಸಿನ ಲೆಕ್ಕದಲ್ಲಿ ಕೂಲಿ ಪಡೆಯುವವರು. ಪ್ಯಾಂಟಿನ ಜೇಬು ಹಚ್ಚುವ ಹುಡುಗನೊಬ್ಬ ವಾರ ಕಾಲ ಯಾತ್ರೆಗೆ ಹೋದನೆಂದರೆ ರೈಲಿನ ಚಾರ್ಜು ನಾವು ಕೊಟ್ಟೇವು. ಆ ವಾರ ಹೊಲಿಯದ ಜೇಬುಗಳ ಕೂಲಿಯನ್ನು ಕೊಡುವವರು ಯಾರು? ಶನಿವಾರದ ಬಟವಾಡೆ ಇಲ್ಲ, ಮನೆಯ ಬಾಡಿಗೆ ನಿಲ್ಲುವುದಿಲ್ಲ. ‘ಚಾರ್ಜ್ ಬ್ಯಾಡ್ರಿ ಅಣ್ಣಾ, ಬಾಡಿಗಿ ನೋಡ್ರಿ’ ಎಂದು ಅವನು ಕೇಳಿದ್ದು ನ್ಯಾಯವಾಗಿತ್ತು. ನಿಯಮದಲ್ಲಿ ಬಾಡಿಗೆಗೆ ಜಾಗವಿರಲಿಲ್ಲ. ಕೊನೆಗೆ ಅವನ ಬಾಡಿಗೆಯನ್ನೇ ‘ಊಟದ ಖರ್ಚು’ ಎಂದು ಬರೆದರೆ ಹೇಗೆ ಎಂದು ಚರ್ಚಿನಲ್ಲಿ ಧರ್ಮಬೋಧನೆ ಮಾಡುವ ನಮ್ಮ ಉಪದೇಶಿಗಳು ಸೂಚಿಸಿದರು. ಉಪದೇಶಿಗಳು ಬಹಳ ಸಾತ್ವಿಕರು. ಸಾತ್ವಿಕರ ತಲೆಯಲ್ಲಿ ಇಂಥ ಉಪಾಯಗಳು ಎಲ್ಲಿಂದ ಬರುತ್ತವೋ. ಅದನ್ನು ಬಿಟ್ಟು, ನಿಯಮಕ್ಕೇ ‘ಮನೆಯ ತಾಪತ್ರಯ’ ಎಂಬ ಒಂದು ಸಾಲು ಸೇರಿಸಿದೆವು.

ಇನ್ನು ಹಬ್ಬ ಬರುವ ಕಾಲವೂ ನಮ್ಮವರಿಗೆ ಅನುಕೂಲವಲ್ಲ. ಸಿರುಗುಪ್ಪ ಭತ್ತದ ಸೀಮೆ. ತುಂಗಭದ್ರಾ ಅಣೆಕಟ್ಟು ಮುಗಿದದ್ದೂ ಅದೇ 1953ರಲ್ಲಿ. ಅಲ್ಲಿಂದ ಬಲದಂಡೆಯ ಕೆಳಮಟ್ಟದ ಕಾಲುವೆ, ಜನರ ಬಾಯಲ್ಲಿ ಎಲ್‌ಎಲ್‌ಸಿ, ನಮ್ಮ ಕಡೆ ಹಾಯ್ದು ಆಂಧ್ರದತ್ತ ಹೋಗುತ್ತದೆ. ಜುಲೈನಲ್ಲೋ ಆಗಸ್ಟಿನಲ್ಲೋ ನೀರು ಬಿಡುತ್ತಾರೆ. ನೀರು ಬಂದ ಮೇಲೆ ನಾಟಿ. ಗದ್ದೆಯವನ ಕೈಯಲ್ಲಿದ್ದ ದುಡ್ಡು ಟ್ರ್ಯಾಕ್ಟರಿಗೆ, ಗೊಬ್ಬರಕ್ಕೆ, ನಾಟಿಯ ಕೂಲಿಗೆ ಹೋಗಿ ಖಾಲಿ. ನಾಟಿ ಹಚ್ಚುವ ಹೆಂಗಸರಿಗೆ ಕೂಲಿ ಸಿಗುವುದು ಆ ದಿನಗಳಲ್ಲೇ, ಅವರು ಗುಂಪು ಬಿಟ್ಟು ಹೋಗುವ ಹಾಗಿಲ್ಲ. ಗದ್ದೆಯವನಿಗೆ ದುಡ್ಡಿಲ್ಲ, ಕೂಲಿಯವಳಿಗೆ ಪುರುಸೊತ್ತಿಲ್ಲ. ಮಾತೆಯ ಜನ್ಮದಿನ ಸರಿಯಾಗಿ ಅದೇ ವೇಳೆಗೆ. ಡಿಸೆಂಬರಿನ ಸುಗ್ಗಿಯಲ್ಲಿ ಹುಟ್ಟಬಾರದಿತ್ತೇ ಎಂದು ಕೇಳುವಂತಿಲ್ಲ. ಡಿಸೆಂಬರನ್ನು ಮಗ ಆಗಲೇ ಹಿಡಿದುಕೊಂಡಿದ್ದಾನೆ.

ಈ ಕಾರಣಕ್ಕೇ ನಮ್ಮಲ್ಲಿ ಹಲವರು ವಿಜಯವಾಡದ ಗುಣದಲಕ್ಕೆ ಹೋಗುವುದನ್ನು ಇಷ್ಟಪಡುತ್ತಾರೆ. ಅಲ್ಲಿ ಲೂರ್ದು ಮಾತೆಯ ಉತ್ಸವ ಫೆಬ್ರವರಿ 9ರಿಂದ 11ರವರೆಗೆ. ಭತ್ತ ಮಾರಿ ಆಗಿರುತ್ತದೆ, ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಬಳ್ಳಾರಿಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ವಿಜಯವಾಡದಲ್ಲೇ ಇಳಿಯಬಹುದು, ಎಗ್ಮೋರಿನ ಆಟೋದವನ ಕಾಟವಿಲ್ಲ. ಫೆಬ್ರವರಿಯಲ್ಲಿ ನನ್ನ ಚಪ್ಪಲಿಯನ್ನು ನಾನೇ ಹುಡುಕಿಕೊಳ್ಳುತ್ತೇನೆ. ಅಂದರೆ ನಿಧಿಯ ಕೆಲಸವೆಲ್ಲ ಇಷ್ಟೇ ಎಂದು ಎಷ್ಟೋ ಸಲ ಅನ್ನಿಸಿದೆ: ಸುಗ್ಗಿಯಲ್ಲಿ ಇರುವ ದುಡ್ಡನ್ನು ನಾಟಿಯ ಕಾಲದವರೆಗೆ ಕರಗದಂತೆ ಇಟ್ಟುಕೊಳ್ಳುವುದು. ಸಿರುಗುಪ್ಪದ ಮನೆಗಳವರು ಸುಗ್ಗಿಯಲ್ಲಿ ಭತ್ತದ ಚೀಲವನ್ನೇ ಕಾಣಿಕೆಯಾಗಿ ಕೊಡುವುದುಂಟು. ನಮ್ಮ ಕಡೆ ಚೀಲವೆಂದರೆ 75 ಕಿಲೋ. ಅದನ್ನು ಮಾರಿ ಖಾತೆಗೆ ಕಟ್ಟುತ್ತೇವೆ. ಕುರುಗೋಡಿನ ಕಡೆಯಿಂದ ಒಮ್ಮೆ ಒಣಮೆಣಸಿನಕಾಯಿಯ ಚೀಲ ಬಂತು. ಬ್ಯಾಡಗಿ ಮಾರ್ಕೆಟ್ಟಿಗೆ ಹೋಗುವ ಮಾಲು, ಒಳ್ಳೇ ಘಾಟು. ಅದನ್ನು ಪೀಠದ ಬಳಿ ಇಟ್ಟು ಆಶೀರ್ವದಿಸಲು ಫಾದರ್ ಸಾಂಬ್ರಾಣಿಯ ಹೊಗೆಯೆತ್ತುವ ಮುಂಚೆಯೇ ಮುಂದಿನ ಸಾಲಿನ ಮಕ್ಕಳಿಂದ ಹಿಡಿದು ಹಿಂದಿನ ಬೆಂಚಿನ ಅಜ್ಜಂದಿರವರೆಗೆ ಎಲ್ಲರೂ ಸೀನತೊಡಗಿದರು. ಅಷ್ಟು ಒಕ್ಕೊರಲಿನಿಂದ ನಮ್ಮ ಸಭೆ ಯಾವ ಕೀರ್ತನೆಯನ್ನೂ ಹಾಡಿಲ್ಲ. ಆ ವರ್ಷ ಮೆಣಸಿನಕಾಯಿಗೆ ಒಳ್ಳೆಯ ರೇಟು ಬಂದು ಹಲವರ ಚಾರ್ಜು ಹೊರಟಿತು.

ಬೆಳೆಯನ್ನು ದುಡ್ಡು ಮಾಡಿ ಹಬ್ಬಕ್ಕೆ ಹೋಗುವ ಈ ವಿದ್ಯೆ ನಾವು ಕಂಡುಹಿಡಿದದ್ದೇನಲ್ಲ. ಮೋಶೆಯ ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯದಲ್ಲಿ ಇದರ ವ್ಯವಸ್ಥೆ ಸೊಗಸಾಗಿದೆ. ಬೆಳೆಯ ಹತ್ತರಲ್ಲೊಂದು ಪಾಲು ಎತ್ತಿಟ್ಟು ದೇವರ ಸನ್ನಿಧಿಗೆ ಒಯ್ದು ಅಲ್ಲೇ ಮನೆಮಂದಿಯೆಲ್ಲ ಊಟ ಮಾಡಬೇಕು. ದಾರಿ ದೂರವಾದರೆ ಮಾರಿ, ದುಡ್ಡು ಗಂಟು ಕಟ್ಟಿಕೊಂಡು ಹೋಗಿ, ಅಲ್ಲಿ ಮನಸ್ಸಿಗೆ ಬೇಕಾದದ್ದನ್ನು ಕೊಂಡು ಸಂತೋಷಪಡಬೇಕು. ಬೇಕಾದದ್ದರ ಪಟ್ಟಿಯಲ್ಲಿ ದನ, ಕುರಿಗಳ ಜೊತೆ ದ್ರಾಕ್ಷಾರಸವೂ, ಅದಕ್ಕಿಂತ ಬಲವಾದದ್ದೂ ಇದೆ. ಈ ಭಾಗವನ್ನು ಪ್ರಸಂಗದಲ್ಲಿ ಯಾವ ಫಾದರೂ ಹೆಚ್ಚಾಗಿ ಎತ್ತಿಕೊಳ್ಳುವುದಿಲ್ಲ. ಮೇಲಿಂದ ದೇವಸೇವೆಯ ಕುಲದವನಾದ ಊರಿನ ಲೇವಿಯನನ್ನು ಬಿಟ್ಟುಹೋಗಬೇಡಿ, ಅವನಿಗೆ ಜಮೀನಿಲ್ಲ ಎಂಬ ತಾಕೀತು. ಯಾತ್ರೆಯ ಖರ್ಚು ದುಂದಲ್ಲ, ಧರ್ಮದ ಬಾಬ್ತೇ ಎಂದು ಒಪ್ಪಿಕೊಂಡವರು ಆ ಕಾಲದಲ್ಲೇ ಇದ್ದರು. ಈ ಗ್ರಂಥವನ್ನು ಮೊದಲು ಇಡಿಯಾಗಿ ಕನ್ನಡಕ್ಕೆ ತಂದ ಕೆಲಸಕ್ಕೂ ಬಳ್ಳಾರಿಗೂ ನಂಟಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ಜೊತೆಗಾರರೊಂದಿಗೆ ವರ್ಷಗಟ್ಟಲೆ ಕೂತು ಶ್ರಮಪಟ್ಟ; ಕೆಲಸ ಮುಗಿದದ್ದು 1831ರ ಹೊತ್ತಿಗೆ. ಅವರು ಪ್ರಾಟೆಸ್ಟೆಂಟರು, ನಾವು ಕಥೋಲಿಕರು. ಆದರೆ ಸಮಿತಿಯಲ್ಲಿ ಆಕ್ಷೇಪಕರ ಬಾಯಿ ಮುಚ್ಚಿಸಬೇಕಾದಾಗ ಯಾರ ಶ್ರಮವಾದರೂ ಆದೀತು. ಧರ್ಮೋಪದೇಶಕಾಂಡ ತೆರೆದು ತೋರಿಸಿದೆ. ಅವರು ಓದಿ, ‘ದ್ರಾಕ್ಷಾರಸಕ್ಕೂ ವೋಚರು ಕೊಡ್ತೀರೇನು?’ ಎಂದರು.

ವೋಚರಿನ ವಿಚಾರ ಬಂದದ್ದರಿಂದ ಹೇಳಿಬಿಡುತ್ತೇನೆ. ಎಡಗೈಗೆ ಗೊತ್ತಾಗದಂತೆ ಬಲಗೈ ದಾನ ಮಾಡಬೇಕೆಂಬುದು ಸುವಾರ್ತೆಯ ಬೋಧನೆ. ಆಡಿಟರು ಮಾತ್ರ ಪಡೆದವರ ಸಹಿ ಎಲ್ಲಿ, ಕೊಟ್ಟವರ ಸಹಿ ಎಲ್ಲಿ, ಐದು ಸಾವಿರ ದಾಟಿದ್ದಕ್ಕೆ ರೆವೆನ್ಯೂ ಸ್ಟಾಂಪು ಎಲ್ಲಿ ಎಂದು ಕೇಳುತ್ತಾರೆ. ಇಬ್ಬರನ್ನೂ ಮೆಚ್ಚಿಸುವುದು ಕಷ್ಟ. ಪ್ರೇಷಿತ ಪೌಲನಿಗೂ ಈ ತಾಪತ್ರಯವಿತ್ತು. ಜೆರುಸಲೇಮಿನ ಬಡವರಿಗೆಂದು ಕೂಡಿಸಿದ ಹಣ ಸಾಗಿಸುವಾಗ, ಯಾರೂ ಬೆರಳು ತೋರಿಸಬಾರದೆಂದು ಸಭೆಗಳೇ ಆರಿಸಿದ ಜನರನ್ನು ಜೊತೆಗಿಟ್ಟುಕೊಂಡ. ಇನ್ನೊಂದು ತುದಿಯಲ್ಲಿ ವಿನ್ಸೆಂಟ್ ದ ಪೌಲ್ ಸಭೆಯವರ ಪದ್ಧತಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಒಜಾನಮ್ ಎಂಬ ಇಪ್ಪತ್ತರ ವಿದ್ಯಾರ್ಥಿ ಗೆಳೆಯರೊಂದಿಗೆ ಹುಟ್ಟುಹಾಕಿದ ಸಂಘ ಅದು. ಅವರ ಸಭೆ ಸೇರಿದಾಗಲೆಲ್ಲ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ. ಯಾರು ಎಷ್ಟು ಹಾಕಿದರು ಎಂಬುದು ಪಕ್ಕದವನಿಗೂ ತಿಳಿಯುವುದಿಲ್ಲ. ಸಹಾಯ ಬೇಕಾದವರನ್ನು ಆಫೀಸಿಗೆ ಕರೆಸದೆ ಇಬ್ಬಿಬ್ಬರಾಗಿ ಅವರ ಮನೆಗೆ ಹೋಗುತ್ತಾರೆ. ಇವೆರಡನ್ನೂ ಬೆರೆಸಿ ನಾವೊಂದು ದಾರಿ ಮಾಡಿಕೊಂಡಿದ್ದೇವೆ. ಭಾನುವಾರ ಮೊತ್ತವನ್ನು ಓದುತ್ತೇವೆ, ಹೆಸರನ್ನು ಓದುವುದಿಲ್ಲ. ಹೆಸರಿರುವ ಪುಸ್ತಕವನ್ನು ಫಾದರ್, ಆಡಿಟರು, ನಾನು ಬಿಟ್ಟು ಯಾರೂ ತೆರೆಯುವುದಿಲ್ಲ. ಕೊಟ್ಟವರಿಗೆ ಇದು ಅಷ್ಟೇನೂ ಹಿಡಿಸುವುದಿಲ್ಲ; ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ಬರೆಸುವ ನಾಡು ನಮ್ಮದು.

ಯಾತ್ರೆಗೆ ದುಡ್ಡು ಕೊಡುವ ಈ ಉಸಾಬರಿಯಲ್ಲಿ ಸರಕಾರಗಳೂ ಬಿದ್ದವೇ. ಹಜ್ ಯಾತ್ರಿಕರಿಗಿದ್ದ ಸಬ್ಸಿಡಿಯನ್ನು ಹಂತಹಂತವಾಗಿ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿತು, 2018ರಲ್ಲಿ ಕೇಂದ್ರ ಅದನ್ನು ಪೂರ್ತಿ ನಿಲ್ಲಿಸಿತು. ಆ ಹಣ ಹಾಜಿಯ ಕೈ ಕಂಡದ್ದೇ ಇಲ್ಲ, ವಿಮಾನದ ಟಿಕೇಟಿನಲ್ಲೇ ಕರಗುತ್ತಿತ್ತು. ಪಕ್ಕದ ಆಂಧ್ರದವರು ಜೆರುಸಲೇಮಿಗೆ ಹೋಗುವ ಕ್ರೈಸ್ತರಿಗೆ ಕೊಡುತ್ತಿದ್ದ ಸಹಾಯವನ್ನು 2019ರಲ್ಲಿ, ವರ್ಷಕ್ಕೆ ಮೂರು ಲಕ್ಷದೊಳಗೆ ಆದಾಯವಿರುವವರಿಗೆ 60,000 ರೂಪಾಯಿಗೆ ಏರಿಸಿದರು. ನಮ್ಮ ಕರ್ನಾಟಕದಲ್ಲಿ 2022ರಲ್ಲಿ ಕಾಶಿಗೆ ಹೋಗುವವರಿಗೆ 5,000 ರೂಪಾಯಿ ಎಂದಾಯಿತು. ಗಡಿಯಾಚೆಯ ಬೀಗರು ಜೆರುಸಲೇಮಿನ ಫೋಟೋ ಕಳಿಸಿದಾಗಲೆಲ್ಲ ನಮ್ಮವರು ನನ್ನನ್ನು ನೋಡುವ ನೋಟವೇ ಬೇರೆ. ‘ನೀವು ಎಗ್ಮೋರ್ ಆಟೋಕ್ಕೇ ಲೆಕ್ಕ ಕೇಳ್ತೀರಿ’ ಎಂಬ ಮಾತು ಆ ನೋಟದಲ್ಲಿರುತ್ತದೆ. ಸರಕಾರಿ ಸಹಾಯಗಳಲ್ಲಿ ನಾನು ಗಮನಿಸಿದ್ದು ಇಷ್ಟು: ಅವು ಅರ್ಜಿ ಹಾಕಲು ಬಲ್ಲವನಿಗೆ ಸಿಗುತ್ತವೆ. ಆಧಾರು, ಆದಾಯದ ಸರ್ಟಿಫಿಕೇಟು, ಬ್ಯಾಂಕಿನ ಪಾಸುಬುಕ್ಕು ಇಷ್ಟನ್ನು ಹೊಂದಿಸಿಕೊಳ್ಳುವ ಹೊತ್ತಿಗೆ ಬಡವನ ಅರ್ಧ ಯಾತ್ರೆ ತಹಸೀಲ್ದಾರ್ ಕಚೇರಿಯಲ್ಲೇ ಮುಗಿದಿರುತ್ತದೆ.

ಅರ್ಜಿಯೇ ಇಲ್ಲದ ಸಹಾಯವನ್ನು ನೋಡಬೇಕೆಂದರೆ ನಮ್ಮ ಜಿಲ್ಲೆಯಲ್ಲಿ ದೂರ ಹೋಗಬೇಕಿಲ್ಲ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವವರು ಉತ್ತರ ಕರ್ನಾಟಕದ ಎಲ್ಲ ಕಡೆಯಿಂದ ಹೊರಡುತ್ತಾರೆ. ದಾರಿಯ ಊರಿನವರು ಪೆಂಡಾಲು ಹಾಕಿ ಮಜ್ಜಿಗೆ, ರೊಟ್ಟಿ, ಅನ್ನ ಸಾರು ಇಟ್ಟುಕೊಂಡು ಕಾದಿರುತ್ತಾರೆ. ‘ತಿನ್ನದೆ ಹೋದ್ರೆ ಬಿಡಾದಿಲ್ಲ’ ಎಂದು ಅಡ್ಡಗಟ್ಟಿ ನಿಲ್ಲಿಸುತ್ತಾರೆ. ಕಾಲು ಒತ್ತುವವರು, ಬೊಕ್ಕೆಗೆ ಮುಲಾಮು ಹಚ್ಚುವವರು ಬೇರೆ. ಅವರು ಯಾವ ಊರು, ಯಾವ ಕುಲ, ಹಿಂದೆ ಸಹಾಯ ಪಡೆದದ್ದುಂಟೇ ಎಂದು ಕೇಳುವುದಿಲ್ಲ. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯಲ್ಲೂ ಹೀಗೆಯೇ. ಒಂದು ಕಾಲಕ್ಕೆ ಸಿಂದರ ರಾಜಧಾನಿಯಾಗಿದ್ದ ಊರು ಅದು, ಬಸವಣ್ಣನ ಮೂರ್ತಿಯೂ ರಾಜಧಾನಿಗೆ ತಕ್ಕ ಗಾತ್ರದ್ದು. ತೇರಿನ ದಿನ ದಾಸೋಹದ ಪಂಕ್ತಿಯಲ್ಲಿ ನಾನೂ ಕೂತು ಉಂಡಿದ್ದೇನೆ. ಬಡಿಸುತ್ತಿದ್ದ ಪರಿಚಯದ ಹಿರಿಯರು ನನ್ನ ಕೊರಳಿನ ಜಪಸರ ನೋಡಿ, ‘ಸ್ವಲ್ಪ ಜಾಸ್ತಿ ಹಾಕ್ರಿ, ಇವ್ರು ಲೆಕ್ಕ ಬರಿಯೋರು, ದಣದಿರ್ತಾರ’ ಎಂದು ಇನ್ನೊಂದು ಹಿಡಿ ಸಿಹಿಬೂಂದಿ ಎಲೆಗೆ ಸುರಿದರು. ಅವರ ಬಳಿ ಪುಸ್ತಕವಿರಲಿಲ್ಲ, ಇದ್ದಿದ್ದರೂ ಅದರಲ್ಲಿ ಬೂಂದಿಯ ಕಲಮು ಇರುತ್ತಿರಲಿಲ್ಲ.

ದುಡ್ಡಿನ ಸಹಾಯಕ್ಕೆ ಅಷ್ಟು ಸಲೀಸು ಸಾಧ್ಯವಿಲ್ಲ, ನಿಜ. ಆದರೆ ಮೇಜು ಹಾಕಿ, ಅರ್ಜಿ ಇಟ್ಟು, ಬಂದವರಿಗೆ ಕೊಟ್ಟು ಕೈತೊಳೆದುಕೊಳ್ಳುವುದರಲ್ಲಿ ದೊಡ್ಡದೊಂದು ಮೋಸವಿದೆ. ಅದು ನನಗೆ ಹೊಳೆದದ್ದು ಕಾಲುವೆಯಿಂದ. ಎಲ್‌ಎಲ್‌ಸಿಯ ತಲೆಕಡೆಯವರು ಹಗಲೂ ರಾತ್ರಿ ನೀರು ಹರಿಸಿ ಭತ್ತ ಬೆಳೆಯುತ್ತಾರೆ. ಕೊನೇ ಭಾಗದವರು ಒಣಗಿದ ಕಾಲುವೆಯಲ್ಲಿ ನಿಂತು ಧರಣಿ ಮಾಡುತ್ತಾರೆ. ಡ್ಯಾಮಿನಿಂದ ಬಿಟ್ಟ ನೀರಿನ ಲೆಕ್ಕ ಸರಿಯಾಗಿಯೇ ಇರುತ್ತದೆ. ನಮ್ಮ ನಿಧಿಯೂ ಹಾಗೆಯೇ ಆಗಿತ್ತು. ಕೂಡಿಸಿ ಕಳೆದರೆ ಒಂದು ಪೈಸೆ ಆಚೀಚೆ ಇಲ್ಲ. ಆದರೆ ಪುಸ್ತಕವನ್ನು ಊರುವಾರು ನೋಡಿದರೆ ಹೆಚ್ಚಿನ ಪಾಲು ಚರ್ಚಿನ ಗೇಟಿಗೆ ಹತ್ತಿರದ ಓಣಿಗಳಲ್ಲೇ ಇಂಗಿತ್ತು. ಬಂದವರೇ ಮತ್ತೆ ಬರುತ್ತಿದ್ದರು. ನಾಟಿಯ ಗುಂಪಿನ ಹೆಂಗಸು ಭಾನುವಾರ ಬಳ್ಳಾರಿಗೆ ಬರಬೇಕಾದರೆ ಒಂದು ದಿನದ ಕೂಲಿ, ಬಸ್ಸಿನ ಚಾರ್ಜು. ಬಂದರೂ ನಾಲ್ಕು ಜನರೆದುರು ಮೇಜಿನ ಮುಂದೆ ನಿಂತು ಆದಾಯ ಹೇಳಬೇಕು. ಯಾರಿಗೆ ಹೆಚ್ಚು ಬೇಕೋ ಅವರೇ ಕೇಳಲು ಹೆಚ್ಚು ನಾಚುತ್ತಾರೆ.

2024ರಲ್ಲಿ ಇದು ಇನ್ನೂ ಚೆನ್ನಾಗಿ ತಿಳಿಯಿತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಗಿ, ನೀರು ಹೊಳೆಯ ಪಾಲಾಗತೊಡಗಿತು. ನಾಟಿ ಮಾಡಿದ ಗದ್ದೆಗಳನ್ನು ನೋಡಿಕೊಂಡು ಸಿರುಗುಪ್ಪ ಕಡೆಯ ಮನೆಗಳಲ್ಲಿ ಒಲೆ ಉರಿಯದ ದಿನಗಳವು. ಅರ್ಜಿ ಕೊಟ್ಟಿದ್ದ ಅಲ್ಲಿನವರು ಒಬ್ಬೊಬ್ಬರಾಗಿ ಫೋನು ಮಾಡಿ ಹೆಸರು ತೆಗೆಸಿದರು. ‘ಬೆಳಿ ಹೋದ್ರೆ ಯಾವ ಮುಖ ಇಟ್ಕಂಡು ಜಾತ್ರಿಗೆ ಹೋಗಾದ್ರಿ’ ಎಂದೊಬ್ಬಾತ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿ ನಿಲ್ಲಿಸಿದ್ದು ಹೆಚ್ಚುಕಡಿಮೆ ಒಂದು ವಾರದ ಮೇಲೆ. ಆ ಕೆಲಸದ ಮುಂದಾಳು ಕನ್ನಯ್ಯ ನಾಯ್ಡು ಅವರ ಹೆಸರು ಮನೆಮನೆಯಲ್ಲೂ ಸಂತರ ಹೆಸರಿನ ಜೊತೆ ಸೇರಿಕೊಂಡಿತು. ನೀರು ನಿಂತ ಸುದ್ದಿ ಬಂದ ಮೇಲೆ, ಹೆಸರು ತೆಗೆಸಿದವರಿಗೆಲ್ಲ ಹರಕೆ ಎರಡಾಗಿತ್ತು. ಆದರೆ ಮತ್ತೆ ಹೆಸರು ಬರೆಸಲು ಒಬ್ಬರೂ ಫೋನು ಮಾಡಲಿಲ್ಲ. ಒಮ್ಮೆ ಬೇಡವೆಂದು ಹೇಳಿದ್ದನ್ನು ಮತ್ತೆ ಕೇಳಲು ನಾಲಿಗೆ ಏಳಬೇಕಲ್ಲ. ಉಪದೇಶಿಗಳೂ ನಾನೂ ಬಸ್ಸು ಹತ್ತಿ ಅವರ ಊರುಗಳಿಗೇ ಹೋದೆವು.

ಒಂದು ಮನೆಯಲ್ಲಿ ಅಜ್ಜಿಯೊಬ್ಬಳು ಕಟ್ಟೆಯ ಮೇಲೆ ಮಣೆ ಕೊಟ್ಟು ಕೂರಿಸಿದಳು. ಹೆಸರು ತೆಗೆಸಿದವರಲ್ಲಿ ಆಕೆ ಇರಲಿಲ್ಲ. ಆಕೆ ಅರ್ಜಿಯನ್ನೇ ಹಾಕಿದವಳಲ್ಲ. ಸೊಸೆಗೆ ಕೂಸು ಉಳಿದ ಹರಕೆ ಎಷ್ಟೋ ವರ್ಷದಿಂದ ಬಾಕಿಯಿದೆಯಂತೆ. ‘ಯಾಕವ್ವಾ ಹೇಳಲಿಲ್ಲ?’ ಎಂದರು ಉಪದೇಶಿಗಳು. ‘ನೀವು ಕೇಳಿದ್ರೇನು?’ ಎಂದಳು. ಅದರಲ್ಲಿ ದೂರಿರಲಿಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೆ. ಹಬ್ಬ ಮುಗಿಸಿ ಬಂದ ಮೇಲೆ ಆಕೆ ಮೊಮ್ಮಗನ ಜೊತೆ ಬಳ್ಳಾರಿಗೆ ಬಂದಳು. ಸೆರಗಿನ ತುದಿಯ ಗಂಟನ್ನು ಹಲ್ಲಿನಿಂದ ಬಿಚ್ಚಿ ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು: ರೈಲಿನ ಟಿಕೇಟು, ಊಟದ ಚೀಟಿ, ಸುಲಭ ಶೌಚಾಲಯದ ರಸೀದಿ, ಎಗ್ಮೋರಿನ ಆಟೋದವನು ಬರೆದುಕೊಟ್ಟ ಒಂದು ತುಂಡು ಕಾಗದ, ಮಾತೆಯ ಎಣ್ಣೆಯ ಪುಟ್ಟ ಸೀಸೆ, ಮಡಿಕೆ ಮಡಿಕೆಯಾದ ಉಳಿದ ನೋಟುಗಳು. ಆಟೋದವನಿಂದ ರಸೀದಿ ಬರೆಸಿಕೊಂಡವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ‘ಹೆಂಗ ಬರೆಸಿದೆ ಅಜ್ಜಿ, ಅವ್ರ ಭಾಷಾ ನಿನಗ ಬರ್ತದೇನು?’ ಎಂದೆ. ‘ಅವ್ನಿಗೆ ನಂದು ತಿಳೀಲಿಲ್ಲ, ನಂಗೆ ಅವಂದು ತಿಳೀಲಿಲ್ಲ. ಬರಿಯೋತನಕ ಆಟೋದಾಗಿಂದ ಇಳೀಲಿಲ್ಲ ನಾನು’ ಎಂದಳು. ಆಕ್ಷೇಪಕರು ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. ತಮಿಳು ಅಂಕಿಯೇನೂ ಅಲ್ಲ, ಸರಿಯಾಗಿಯೇ ಓದಬಹುದಿತ್ತು. ಅವರಿಗೆ ಆಕ್ಷೇಪಿಸಲು ಏನೂ ಸಿಗದ ದಿನ ಅದೊಂದೇ ಇರಬೇಕು.

ಅಲ್ಲಿಂದೀಚೆ ನಿಯಮ ತಿರುವುಮುರುವಾಗಿದೆ. ಅರ್ಜಿ ಕರೆಯುವುದಕ್ಕೆ ಮೊದಲೇ ಸಿರುಗುಪ್ಪ ಕಡೆಗೂ ಕುರುಗೋಡು ಕಡೆಗೂ ಹೋಗಿ ಮನೆಗಳಲ್ಲಿ ಕೂತು ವಿಚಾರಿಸಿ ಬರಬೇಕು; ಆ ಕಡೆಯವರ ಪಾಲು ಎತ್ತಿಟ್ಟ ಮೇಲೆಯೇ ಪೇಟೆಯಲ್ಲಿ ಮೇಜು ಹಾಕಬೇಕು. ಕೊನೇ ಭಾಗಕ್ಕೆ ಮೊದಲು ನೀರು. ಇದನ್ನು ಸಮಿತಿಯಲ್ಲಿ ಮಂಡಿಸಿದಾಗ ಗದ್ದಲವೇ ಆಯಿತು. ಪೇಟೆಯಲ್ಲಿ ಬಡವರಿಲ್ಲವೇ, ಜೀನ್ಸ್ ಹೊಲಿಯುವವರು ಎಲ್ಲಿಗೆ ಹೋಗಬೇಕು, ಬಸ್ ಚಾರ್ಜಿಗೆ ಯಾರ ಅಪ್ಪಣೆ, ಹಳ್ಳಿಯಲ್ಲಿ ಕೊಡುವ ಚಹಾ ಲಂಚವಾಗುವುದಿಲ್ಲವೇ ಎಂದು ಪ್ರಶ್ನೆಗಳು. ಮೊದಲ ಎರಡಕ್ಕೆ ಉತ್ತರ ಕೊಡಲೇಬೇಕಿತ್ತು, ಕೊಟ್ಟೆವು. ಪೇಟೆಯಲ್ಲೂ ಕಾರ್ಖಾನೆಗಳ ಓಣಿಗೆ ನಾವೇ ಹೋಗುವುದೆಂದಾಯಿತು. ಬಸ್ ಚಾರ್ಜನ್ನು ನಾನೂ ಉಪದೇಶಿಗಳೂ ಕೈಯಿಂದ ಹಾಕಿಕೊಳ್ಳುವುದೆಂದಾಯಿತು. ಚಹಾದ ಪ್ರಶ್ನೆಯನ್ನು ಫಾದರ್ ನಗುತ್ತ ಮುಂದಿನ ಸಭೆಗೆ ಮುಂದೂಡಿದರು, ಅದು ಇನ್ನೂ ಅಲ್ಲೇ ಇದೆ.

ಆಕ್ಷೇಪಕರಿಗೆ ಮಾತ್ರ ಸಮಾಧಾನವಾಗಲಿಲ್ಲ. ಎದ್ದು ನಿಂತು, ‘ಹಂಗಾದ್ರ ಮುಂದಿನ ವರ್ಷ ನಾನೂ ಸಿರುಗುಪ್ಪಕ್ಕ ಮನಿ ಮಾಡ್ತೀನ್ರಿ. ಮೊದಲು ನಮ್ಮನಿಗೇ ಬರ್ರಿ’ ಎಂದರು.

‘ಬರ್ತೀವ್ರಿ,’ ಎಂದರು ಉಪದೇಶಿಗಳು, ‘ನಾಟಿ ಹಚ್ಚಾಕ ಆಳು ಸಿಗವಲ್ದಂತ ಅಲ್ಲಿ ಭಾಳ ಒದ್ದಾಡಾಕತ್ಯಾರ.’